ಹಾಡುವ ಪಾತ್ರದ ಹಿಂದೆ ಬದುಕಿದ್ದವರು

ಹೋದ ಸಂಚಿಕೆಯಲ್ಲಿ ಕಂಪನಿ ನಾಟಕದ ಹಾಡುಗಳ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳಿದ್ದೆ. ಸಂಗೀತ ನಾಟಕಗಳಲ್ಲಿ ಹಾಡುವ ಎಷ್ಟೋ ಪಾತ್ರಗಳ ಹಿಂದೆ ನಿಜವಾಗಿ ಬದುಕಿದ್ದ ಮನುಷ್ಯರಿದ್ದಾರೆ ಅಂತ. ಆ ಒಂದು ಸಾಲಿಗೆ ದಾವಣಗೆರೆ, ಹರಿಹರ, ಹಿರಿಯೂರು, ಜಗಳೂರು, ದುರ್ಗ ಎಲ್ಲ ಕಡೆಯಿಂದ ಪತ್ರ ಬಂದಿವೆ. ಈ ಸಲದ ಪುಟ ಪೂರ್ತಿ ಅವಕ್ಕೇ ಇರಲಿ.

ಪ್ರಶ್ನೆ: ಮೇಡಂ, ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ‘ದಿ ಸೌಂಡ್ ಆಫ್ ಮ್ಯೂಸಿಕ್’ ಆಡಿಸುತ್ತಿದ್ದಾರೆ. ಇವಳದು ದೊಡ್ಡ ಮಗಳು ಲೀಸಲ್ ಪಾರ್ಟು. ದಿನಾ ತಾಲೀಮು ಮುಗಿಸಿ ಬಂದು ‘ಅಮ್ಮಾ, ಲೀಸಲ್ ನಿಜವಾಗ್ಲೂ ಇದ್ಲಾ’ ಅಂತ ಕೇಳುತ್ತಾಳೆ. ಏನು ಹೇಳಲಿ?
(ಗೃಹಿಣಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಆ ಮನೆ ಇತ್ತು, ಏಳು ಮಕ್ಕಳೂ ಇದ್ದರು, ಲೀಸಲ್ ಮಾತ್ರ ಇರಲಿಲ್ಲ ಅಂತ ಹೇಳಿ. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಊರಿನ ಫಾನ್ ಟ್ರಾಪ್ ಕುಟುಂಬ ಅದು. ಅಲ್ಲಿ ಮೊದಲು ಹುಟ್ಟಿದ್ದು ಗಂಡುಮಗು, ಹೆಸರು ರೂಪರ್ಟ್. ಅವನ ಬೆನ್ನಿಗೆ ಹುಟ್ಟಿದವಳು ಅಗಾಥೆ. ನಾಟಕಕ್ಕೆ ಹದಿನಾರರ ಹುಡುಗಿ, ಅವಳಿಗೊಂದು ಪ್ರೇಮದ ಹಾಡು ಬೇಕಿತ್ತು. ಹಾಗಾಗಿ ಹಿರಿಯ ಮಗನ ಜಾಗಕ್ಕೆ ಹಿರಿಯ ಮಗಳು ಬಂದಳು, ಉಳಿದ ಮಕ್ಕಳ ಹೆಸರು, ವಯಸ್ಸೂ ಬದಲಾದವು.

ನಾಟಕದಲ್ಲಿ ಆ ಮಕ್ಕಳಿಗೆ ಹಾಡು ಕಲಿಸುವ ನಾಯಕಿ ಮರಿಯಾ ನಿಜ. ಆದರೆ ಅವಳು 1926ರಲ್ಲಿ ಸನ್ಯಾಸಿನಿಯರ ಮಠದಿಂದ ಆ ಮನೆಗೆ ಬಂದದ್ದು ಏಳೂ ಮಕ್ಕಳನ್ನು ನೋಡಿಕೊಳ್ಳುವುದಕ್ಕಲ್ಲ. ಕಾಯಿಲೆ ಬಿದ್ದು ಎದ್ದು, ಶಾಲೆಗೆ ನಡೆದು ಹೋಗೋ ಶಕ್ತಿ ಇಲ್ಲದ ಒಬ್ಬ ಹುಡುಗಿಗೆ ಮನೆಪಾಠ ಹೇಳಲು ಬಂದಳು. ಆ ಹುಡುಗಿಯ ಹೆಸರೂ ಮರಿಯಾನೇ. ಮರುವರ್ಷ ನವೆಂಬರಿನಲ್ಲಿ ಟೀಚರ್ ಮರಿಯಾಗೆ ಮಕ್ಕಳ ಅಪ್ಪ ಕ್ಯಾಪ್ಟನ್ ಜೊತೆ ಮದುವೆ ಆಯಿತು. ಅವನಿಗೂ ಅವಳಿಗೂ 25 ವರ್ಷದ ಅಂತರ. ನಾಟಕದಲ್ಲಿ ಮದುವೆ ಮುಗಿಯುತ್ತಿದ್ದ ಹಾಗೇ ಹಿಟ್ಲರನ ಕಡೆಯವರು ಬಂದುಬಿಡುತ್ತಾರಲ್ಲ, ನಿಜದಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ್ದು 1938ರಲ್ಲಿ. ಅಷ್ಟೊತ್ತಿಗೆ ಇವರ ಮದುವೆಯಾಗಿ ಹತ್ತು ವರ್ಷ ದಾಟಿತ್ತು, ಮರಿಯಾಗೆ ತನ್ನವೇ ಎರಡು ಹೆಣ್ಣುಮಕ್ಕಳಿದ್ದವು, ಊರು ಬಿಡುವಾಗ ಮೂರನೆಯದು ಹೊಟ್ಟೆಯಲ್ಲಿತ್ತು.

ಇನ್ನು ಆ ಕೊನೇ ದೃಶ್ಯ. ಎಲ್ಲರೂ ಬೆಟ್ಟ ಹತ್ತಿ ಸ್ವಿಟ್ಜರ್ಲೆಂಡಿಗೆ ಹೋಗುತ್ತಾರೆ. ಸಾಲ್ಸ್‌ಬರ್ಗಿನ ಬೆಟ್ಟ ಹತ್ತಿ ಆಚೆ ಇಳಿದರೆ ಸಿಗುವುದು ಜರ್ಮನಿ! ಅವರು ಹೋದದ್ದು ರೈಲಿನಲ್ಲಿ, ಇಟಲಿಗೆ. ಕ್ಯಾಪ್ಟನ್ ಹುಟ್ಟಿದ ಜಾರಾ ಎಂಬ ಊರು ಮೊದಲ ಮಹಾಯುದ್ಧದ ಮೇಲೆ ಇಟಲಿಗೆ ಸೇರಿತ್ತು, ಹಾಗಾಗಿ ಅವರಿಗೆ ಅಲ್ಲಿನ ಪೌರತ್ವ ಇತ್ತು. ಅಲ್ಲಿಂದ ಮುಂದೆ ಅಮೆರಿಕಾ.

ರೈಲಿನ ಬದಲು ಬೆಟ್ಟ ತಂದದ್ದಕ್ಕೆ ನನ್ನ ತಕರಾರಿಲ್ಲ. ರಂಗದ ಮೇಲೆ ರೈಲಿಗಿಂತ ಬೆಟ್ಟ ಚೆನ್ನ. ನನಗೆ ನೋವಾಗುವುದು ಕ್ಯಾಪ್ಟನ್ ವಿಷಯದಲ್ಲಿ. ನಾಟಕದಲ್ಲಿ ಅವನು ಮಕ್ಕಳನ್ನು ಸಿಪಾಯಿಗಳ ಥರ ಸೀಟಿ ಊದಿ ಕರೆಯುವ, ಮನೆಯಲ್ಲಿ ಹಾಡನ್ನೇ ಬಿಡದ ಅಪ್ಪ. ಸೀಟಿ ಊದುತ್ತಿದ್ದದ್ದು ನಿಜ, ಅವನು ನೌಕಾಪಡೆಯಲ್ಲಿದ್ದವನು, ಮನೆ ತೋಟ ಎರಡೂ ದೊಡ್ಡವು, ಒಂದೊಂದು ಮಗುವಿಗೆ ಒಂದೊಂದು ಸೀಟಿ. ಆದರೆ ಅವನು ತುಂಬ ಮೆತ್ತಗಿನ ಮನುಷ್ಯ. ಮರಿಯಾ ಬರುವ ಮೊದಲೇ ಆ ಮನೆಯಲ್ಲಿ ಸಂಗೀತವಿತ್ತು. ಸಿಟ್ಟು ಜಾಸ್ತಿ ಇದ್ದದ್ದು ಮರಿಯಾಗೆ. ನಾಟಕದವರಿಗೆ ಕಲ್ಲು ಕರಗುವುದನ್ನು ತೋರಿಸಬೇಕಿತ್ತು, ಕಲ್ಲಿರಲಿಲ್ಲ, ಅಪ್ಪನನ್ನೇ ಕಲ್ಲು ಮಾಡಿದರು. 1947ರಲ್ಲೇ ತೀರಿಕೊಂಡಿದ್ದ ಅವನು ಎದ್ದು ಬಂದು ‘ನಾನು ಹೀಗಿರಲಿಲ್ಲ’ ಅನ್ನುವ ಹಾಗಿಲ್ಲ. ಮಕ್ಕಳಿಗೆ ಮಾತ್ರ ಅದು ಕೊನೆತನಕ ಚುಚ್ಚಿತು. ಅವರಿಗೆ ಹಾಡು ಕಲಿಸಿ ತಿದ್ದಿದ್ದು ಫ್ರಾನ್ಸ್ ವಾಸ್ನರ್ ಎಂಬ ಪಾದ್ರಿ, ಊರು ಬಿಟ್ಟಾಗಲೂ ಜೊತೆಗೇ ಹೋದವನು. ನಾಟಕದಲ್ಲಿ ಅವನ ಸುಳಿವೇ ಇಲ್ಲ.

ನಿಮ್ಮ ಮಗಳಿಗೆ ಅಗಾಥೆಯ ಹೆಸರು ಹೇಳಿ. ಅವಳೂ ಕೊನೆಗೆ ತನ್ನ ನೆನಪುಗಳನ್ನು ಬರೆದಿಟ್ಟು ಹೋದಳು.

ಪ್ರಶ್ನೆ: ‘ಲೆ ಮಿಸರಾಬ್ಲ್’ ಸಂಗೀತ ನಾಟಕ ಫ್ರೆಂಚ್ ಕ್ರಾಂತಿಯ ಕಥೆ ಅಲ್ವಾ? ಅದರಲ್ಲಿ ನಿಜವಾದವರು ಯಾರು?
(ಪದವಿ ವಿದ್ಯಾರ್ಥಿ, ಹರಿಹರ)

ಉತ್ತರ: ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅಲ್ಲ. ಕ್ರಾಂತಿ 1789ರದು. ಈ ನಾಟಕದ ಬೀದಿ ಕಾಳಗ 1832ರ ಜೂನ್ 5 ಮತ್ತು 6ರದು, ಎರಡೇ ದಿನದಲ್ಲಿ ಮುಗಿದುಹೋದ ದಂಗೆ. ಜನರ ಪರ ಇದ್ದ ಜನರಲ್ ಲಮಾರ್ಕ್ ಕಾಲರಾದಿಂದ ಸತ್ತ, ಅವನ ಶವಯಾತ್ರೆಯಲ್ಲಿ ಗಲಾಟೆ ಶುರುವಾಯಿತು. ಅವನು ನಿಜವಾದ ಮನುಷ್ಯ, ನಾಟಕದಲ್ಲಿ ಹೆಸರು ಮಾತ್ರ ಬರುತ್ತದೆ.

ನಾಟಕದ ನಾಯಕ ಜಾನ್ ವಾಲ್‌ಜಾನ್ ಹಿಂದೆ ಇರುವವನು ವಿಡಾಕ್ (1775–1857). ಜೈಲು ಕಂಡ, ಜೈಲಿನಿಂದ ತಪ್ಪಿಸಿಕೊಂಡ, ಆಮೇಲೆ ಪೊಲೀಸರ ಕಡೆ ಸೇರಿ ಪ್ಯಾರಿಸಿನ ಪತ್ತೇದಾರಿ ದಳವನ್ನೇ ಕಟ್ಟಿದ. ಮುಂದೆ ಕಾಗದದ ಕಾರ್ಖಾನೆ ತೆರೆದು ಜೈಲಿನಿಂದ ಬಂದವರಿಗೇ ಕೆಲಸ ಕೊಟ್ಟ. ಮೂಲ ಕಾದಂಬರಿ ಬರೆದ ವಿಕ್ಟರ್ ಹ್ಯೂಗೊ ಈ ಒಬ್ಬನನ್ನು ಸೀಳಿ ಇಬ್ಬರನ್ನು ಮಾಡಿದ್ದಾನೆ. ಓಡುವ ಕೈದಿಯೂ ಅವನೇ, ಬೆನ್ನು ಹತ್ತುವ ಪೊಲೀಸ್ ಜಾವೇರ್‌ನಲ್ಲೂ ಅವನೇ. ನನಗೆ ಇದು ಬಹಳ ಇಷ್ಟ.

ನಾಟಕದಲ್ಲಿ ಬರುವ ಬಡ ಹೆಂಗಸು ಫಾಂಟೀನ್, ಅವಳ ಹಿಂದೆ ಇರುವವಳ ಹೆಸರು ಯಾರಿಗೂ ಗೊತ್ತಿಲ್ಲ. 1841ರ ಜನವರಿಯ ಒಂದು ರಾತ್ರಿ, ಬೀದಿಯಲ್ಲಿ ನಿಂತಿದ್ದ ಹೆಂಗಸಿನ ಬೆನ್ನ ಮೇಲಿನ ಬಟ್ಟೆಯೊಳಗೆ ಒಬ್ಬ ಶ್ರೀಮಂತ ಹುಡುಗ ಹಿಮ ತುರುಕಿದ. ಅವಳು ತಿರುಗಿಬಿದ್ದಳು. ಪೊಲೀಸರು ಹಿಡಿದದ್ದು ಅವಳನ್ನು. ಅಲ್ಲೇ ಇದ್ದ ಹ್ಯೂಗೊ ಠಾಣೆಗೆ ಹೋಗಿ ಸಾಕ್ಷಿ ಹೇಳಿ ಬಿಡಿಸಿದ. ಇಪ್ಪತ್ತೊಂದು ವರ್ಷದ ಮೇಲೆ, 1862ರಲ್ಲಿ, ಅವಳು ಆ ಕಾದಂಬರಿಯೊಳಗೆ ಬಂದಳು.

ಪ್ರಶ್ನೆ: ನಾನು ಇತಿಹಾಸದ ಮೇಷ್ಟ್ರು. ‘ದಿ ಕಿಂಗ್ ಅಂಡ್ ಐ’ ಚಿತ್ರವನ್ನು ಥಾಯ್ಲೆಂಡಿನಲ್ಲಿ ನಿಷೇಧ ಮಾಡಿದ್ದರು ಅಂತ ಓದಿದೆ. ಹಾಡು ಕುಣಿತದ ಕಥೆಗೆ ಅಷ್ಟು ಸಿಟ್ಟು ಯಾಕೆ?
(ನಿವೃತ್ತ ಉಪಾಧ್ಯಾಯರು, ಹಿರಿಯೂರು)

ಉತ್ತರ: ಸಿಟ್ಟು ನ್ಯಾಯವಾದದ್ದು ಸರ್. ನಾಟಕದ ರಾಜ ಒರಟ, ಮಗುವಿನಂಥ ಹಟ, ಬಿಳಿಯ ಟೀಚರಮ್ಮ ಬಂದು ತಿದ್ದುವತನಕ ಅವನಿಗೆ ಲೋಕ ಗೊತ್ತಿಲ್ಲ. ನಿಜದ ರಾಜ ಮೊಂಗ್‌ಕುಟ್ 27 ವರ್ಷ ಬೌದ್ಧ ಭಿಕ್ಷುವಾಗಿದ್ದವನು. ಪಾಳಿ, ಲ್ಯಾಟಿನ್, ಇಂಗ್ಲಿಷ್ ಕಲಿತಿದ್ದ. ಖಗೋಳದಲ್ಲಿ ಅವನಿಗೆ ಎಷ್ಟು ಹಿಡಿತ ಅಂದರೆ 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ಎಲ್ಲಿ, ಯಾವಾಗ ಕಾಣುತ್ತದೆ ಅಂತ ತಾನೇ ಲೆಕ್ಕ ಹಾಕಿ, ಆ ಜಾಗಕ್ಕೆ ವಿದೇಶಿಯರನ್ನೂ ಕರೆಸಿ ತೋರಿಸಿದ. ಅದೇ ಗ್ರಹಣವನ್ನು ನಮ್ಮ ಜಮಖಂಡಿಯಲ್ಲೂ ದುರ್ಬೀನು ಇಟ್ಟು ನೋಡಿದ್ದರು ಅಂದರೆ ನಿಮಗೆ ಖುಷಿಯಾಗಬಹುದು. ಆ ಗ್ರಹಣವೇ ರಾಜನಿಗೆ ಮುಳುವಾಯಿತು. ನೋಡೋಕೆ ಹೋದ ಕಡೆ ಮಲೇರಿಯಾ ಹಿಡಿದು ಅಕ್ಟೋಬರ್ 1ಕ್ಕೆ ತೀರಿಹೋದ. ಇಂಥವನನ್ನು ದಡ್ಡನ ಹಾಗೆ ಕುಣಿಸಿದರೆ ಅವನ ನಾಡಿನವರಿಗೆ ಹೇಗಾಗಬೇಡ?

ಟೀಚರ್ ಅನ್ನಾ ಲಿಯನೋವೆನ್ಸ್ ಕಥೆ ಇನ್ನೂ ವಿಚಿತ್ರ. ತಾನು ಇಂಗ್ಲೆಂಡಿನ ಪಕ್ಕದ ವೇಲ್ಸಿನಲ್ಲಿ ಹುಟ್ಟಿದವಳು ಅಂತ ಹೇಳಿಕೊಂಡು ಬಂದಳು. ಹುಟ್ಟಿದ್ದು 1831ರಲ್ಲಿ, ಇಲ್ಲೇ ಅಹ್ಮದ್‌ನಗರದಲ್ಲಿ. ಅಪ್ಪ ಸಣ್ಣ ದರ್ಜೆಯ ಸೈನಿಕ, ತಾಯಿಯ ಕಡೆ ಭಾರತದ ರಕ್ತ. ಆ ಕಾಲದಲ್ಲಿ ಇದು ತಿಳಿದರೆ ಬಿಳಿಯರ ನಡುವೆ ಅವಳಿಗೆ ಗೌರವ ಇರುತ್ತಿರಲಿಲ್ಲ. ಗಂಡ ಸತ್ತ, ಎರಡು ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹಿಂದಿನದೆಲ್ಲ ಅಳಿಸಿ ಹೊಸ ಹುಟ್ಟು ಬರೆದುಕೊಂಡಳು. 1862ರಿಂದ 1867ರವರೆಗೆ ಸಯಾಮಿನ (ಥಾಯ್ಲೆಂಡಿನ ಆಗಿನ ಹೆಸರು) ಅರಮನೆಯಲ್ಲಿ ಪಾಠ ಹೇಳಿದಳು. ಆಮೇಲೆ ಬರೆದ ಪುಸ್ತಕಗಳಲ್ಲಿ ತನ್ನನ್ನು ದೊಡ್ಡದು ಮಾಡಿ ರಾಜನನ್ನು ಕ್ರೂರಿ ಮಾಡಿದಳು. ಅದನ್ನು ಆಧರಿಸಿ 1944ರಲ್ಲಿ ಒಂದು ಕಾದಂಬರಿ, 1951ರಲ್ಲಿ ಸಂಗೀತ ನಾಟಕ, 1956ರಲ್ಲಿ ಸಿನಿಮಾ. ನಾಟಕದವರು ಅಂಗಳದಲ್ಲೇ ಇದ್ದ ಚಿನ್ನ ಬಿಟ್ಟರು ಅಂತ ನನಗನ್ನಿಸುತ್ತದೆ. ಹುಟ್ಟೂರನ್ನೇ ಮುಚ್ಚಿಟ್ಟು ಮಕ್ಕಳನ್ನು ಸಾಕಿದ ವಿಧವೆಗಿಂತ ಒಳ್ಳೆಯ ಪಾತ್ರ ಬೇಕಾ?

ಪ್ರಶ್ನೆ: ಅಮೆರಿಕಾ ದೇಶ ಕಟ್ಟಿದವರಲ್ಲಿ ಒಬ್ಬನ ಮೇಲಿನ ಸಂಗೀತ ನಾಟಕ ‘ಹ್ಯಾಮಿಲ್ಟನ್’ ನೋಡಿದೆ. ಆಂಜೆಲಿಕಾ ತಂಗಿಗೋಸ್ಕರ ಹ್ಯಾಮಿಲ್ಟನ್‌ನನ್ನು ಬಿಟ್ಟುಕೊಟ್ಟದ್ದು ನಿಜವಾ? ಅತ್ತುಬಿಟ್ಟೆ.
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಅತ್ತದ್ದು ತಪ್ಪಲ್ಲ ಕಣಮ್ಮ. ಆದರೆ ಆಂಜೆಲಿಕಾ 1777ರಲ್ಲೇ ಅಪ್ಪನಿಗೆ ಹೇಳದೆ ಓಡಿಹೋಗಿ ಮದುವೆಯಾಗಿದ್ದಳು. ತಂಗಿ ಎಲೈಜಾಗೂ ಹ್ಯಾಮಿಲ್ಟನ್‌ಗೂ ಪ್ರೀತಿ ಕುದುರಿದ್ದು 1780ರಲ್ಲಿ. ಅವರ ಅಪ್ಪನಿಗೆ ಗಂಡುಮಕ್ಕಳಿಲ್ಲ ಅಂತ ನಾಟಕದಲ್ಲಿ ಬರುವ ಮಾತೂ ಸರಿಯಲ್ಲ, ಇದ್ದರು. ಭಾವ ನಾದಿನಿ ನಡುವೆ ಸಲಿಗೆಯ ಪತ್ರಗಳು ಓಡಾಡಿದ್ದು ಮಾತ್ರ ನಿಜ, ಆ ಎಳೆ ಹಿಡಿದು ಹಾಡು ಕಟ್ಟಿದ್ದಾರೆ. ಎಲೈಜಾ ವಿಷಯದಲ್ಲಿ ನಾಟಕ ನ್ಯಾಯವಾಗಿದೆ. ಗಂಡ 1804ರಲ್ಲಿ ಗುಂಡೇಟಿಗೆ ಸತ್ತ ಮೇಲೆ ಅವಳು 50 ವರ್ಷ ಬದುಕಿದಳು, ನ್ಯೂಯಾರ್ಕಿನಲ್ಲಿ ಅನಾಥ ಮಕ್ಕಳ ಮನೆ ಕಟ್ಟಲು ನಿಂತಳು, ಗಂಡನ ಕಾಗದ ಪತ್ರ ಒಟ್ಟುಮಾಡಿದಳು. ನಾಟಕ ಮುಗಿಯುವುದು ಅವಳಿಂದಲೇ ಅಲ್ವಾ?

ಪ್ರಶ್ನೆ: ತಂಗೀ, ಪರದೇಶದ್ದೆಲ್ಲ ಬರೀತೀಯ. ನಮ್ಮ ‘ಸಂಗ್ಯಾ ಬಾಳ್ಯಾ’ ಬರೆಯಲ್ಲವೇಕೆ? ಅದು ನಡೆದದ್ದೇ ಅಂತ ನಾನಂದರೆ ಮೊಮ್ಮಗ ನಗುತ್ತಾನೆ.
(ರೈತರು, ಜಗಳೂರು ತಾಲ್ಲೂಕು)

ಉತ್ತರ: ಯಜಮಾನರೇ, ಮೊಮ್ಮಗನಿಗೆ ಹೇಳಿ, ನಿಮ್ಮ ಮಾತೇ ಸರಿ. ಬೈಲಹೊಂಗಲದ ಕಡೆ ನಡೆದ ಘಟನೆಯ ಮೇಲೇ ಆ ಸಣ್ಣಾಟ ಹುಟ್ಟಿದ್ದು. ಸಾಹುಕಾರ ಈರ್ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾಗೆ ಮನಸ್ಸಾಗುತ್ತದೆ. ಜೀವದ ಗೆಳೆಯ ಬಾಳ್ಯಾನೇ ಕೊನೆಗೆ ಕೈಕೊಡುತ್ತಾನೆ. ಸಂಗ್ಯಾನ ಕೊಲೆಯಾಗುತ್ತದೆ. ದೊಡ್ಡಾಟದಲ್ಲಿ ರಾಮ, ರಾವಣ, ಪಾಂಡವರು ಬರುತ್ತಾರೆ. ಸಣ್ಣಾಟದಲ್ಲಿ ಬರುವವರು ಪಕ್ಕದ ಓಣಿಯವರು. ಕಿರೀಟ ಇಲ್ಲ, ಭುಜಕೀರ್ತಿ ಇಲ್ಲ, ಧೋತರ ಪಟಗದಲ್ಲೇ ಕಥೆ. ಪರದೇಶದವರ ಸಂಗೀತ ನಾಟಕ ಯಾವುದಕ್ಕೂ ಇದು ಕಮ್ಮಿ ಅಲ್ಲ, ಹೆಚ್ಚಿನದು ಹಾಡಿನಲ್ಲೇ ನಡೆಯುತ್ತದೆ.

ಒಂದು ಮಾತು ಹೇಳುತ್ತೇನೆ, ಬೇಸರ ಬೇಡ. ಈಗೀಗ ಕೆಲವು ಕಡೆ ಆಡುವಾಗ ಗಂಗಿಯನ್ನು ಸುಮ್ನೆ ಶಿಳ್ಳೆ ಹೊಡೆಸಿಕೊಳ್ಳುವ ಪಾತ್ರ ಮಾಡಿಬಿಡುತ್ತಾರೆ. ಗಂಗಿ ಒಬ್ಬ ನಿಜವಾದ ಹೆಂಗಸು. ಅವಳಿಗೂ ಒಂದು ತವರು ಇತ್ತು. ಅವಳು ಮೊದಲು ಬೇಡ ಅನ್ನುವುದನ್ನು, ಆ ದಿಗಿಲನ್ನು, ಪಾತ್ರ ಮಾಡುವವರು ನುಂಗಬಾರದು. ನೀವು ನೋಡಿದ ಹಳೇ ಮೇಳದವರು ಅದನ್ನು ಹೇಗೆ ಹಾಡುತ್ತಿದ್ದರು ಅಂತ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

ಪ್ರಶ್ನೆ: ಅಕ್ಕಾ, ನಮ್ಮ ಕಾಲೇಜಿನವರು ಸೇರಿ ಒನಕೆ ಓಬವ್ವನ ಮೇಲೆ ಸಂಗೀತ ನಾಟಕ ಕಟ್ಟುತ್ತಿದ್ದೇವೆ. ತರಾಸು ರಂಗಮಂದಿರದಲ್ಲಿ ಆಡುವ ಆಸೆ. ಬರೆಯುತ್ತಿರುವವಳು ನಾನು. ಅರ್ಧಕ್ಕೆ ನಿಂತಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಯಾವುದು ನಿಜ ಅಂತ ಇಟ್ಟುಕೊಳ್ಳಲಿ? ಮುಖ್ಯ ಹಾಡು ಎಲ್ಲಿ ಬರಬೇಕು?
(ಬಿ.ಎ. ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ನಿನ್ನ ಪತ್ರ ಓದಿ ಎರಡು ದಿನ ಬೇರೆ ಕೆಲಸವೇ ಓಡಲಿಲ್ಲ.

ಮೊದಲು ಗಟ್ಟಿ ನೆಲ ಯಾವುದು ನೋಡು. ಮದಕರಿ ನಾಯಕ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ, 1754. ಹೈದರ್ ಅಲಿ ಮತ್ತೆ ಮತ್ತೆ ದುರ್ಗದ ಮೇಲೆ ಬಂದ, 1779ರಲ್ಲಿ ಕೋಟೆ ಬಿತ್ತು. ಮದಕರಿಯನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು, ಅವನು ತಿರುಗಿ ಬರಲಿಲ್ಲ. ಓಬವ್ವನ ಕಥೆ ನಮಗೆ ಬಂದದ್ದು ಜನರ ಬಾಯಿಂದ ಬಾಯಿಗೆ. ಜೊತೆಗೆ ಹೈದರನ ಸಿಪಾಯಿಗಳು ನುಸುಳಿದರು ಅನ್ನುವ ಆ ಕಿಂಡಿ ಇದೆ. ಪಕ್ಕದಲ್ಲೇ ತಣ್ಣೀರು ದೋಣಿ ಎಂಬ ನೀರಿನ ತಾಣ ಇದೆ. ನೀನು ದುರ್ಗದವಳು, ಹೋಗಿ ಆ ಕಿಂಡಿಯಲ್ಲಿ ತೂರಿ ನೋಡಿರುತ್ತೀಯ. ಒಬ್ಬ ಮನುಷ್ಯ, ಅದೂ ಬಗ್ಗಿ, ತಲೆ ಮುಂದು ಮಾಡಿ ನುಸುಳಬೇಕು. ಕಥೆಗೆ ಆ ಕಲ್ಲಿಗಿಂತ ದೊಡ್ಡ ಸಾಕ್ಷಿ ಬೇಡ.

ನಮ್ಮ ತಲೆಯಲ್ಲಿ ಇರುವ ಓಬವ್ವ ಮುಕ್ಕಾಲು ಪಾಲು 1972ರ ‘ನಾಗರಹಾವು’ ಚಿತ್ರದ ಓಬವ್ವ, ಜಯಂತಿ ಮಾಡಿದ ಪಾತ್ರ. ಆ ಕಣ್ಣು, ಆ ಕಚ್ಚೆ, ಆ ಒನಕೆ. ಅದು ಚೆಂದ. ಆದರೆ ನೀನು ಅದನ್ನೇ ಮತ್ತೆ ತರಬೇಡ. ಹಿಂದಕ್ಕೆ ಹೋಗು. ಮಧ್ಯಾಹ್ನ. ಗಂಡ ಮುದ್ದಹನುಮ ಕಾವಲಿನಿಂದ ಊಟಕ್ಕೆ ಬಂದಿದ್ದಾನೆ. ಅವನಿಗೆ ಕುಡಿಯೋಕೆ ನೀರು ಬೇಕು. ಅವಳು ಕೊಡ ಹಿಡಿದು ಹೊರಟಳು. ಕಿಂಡಿಯ ಆಚೆ ಸದ್ದು ಕೇಳಿತು. ಗಂಡನನ್ನು ಊಟದ ಮುಂದಿನಿಂದ ಎಬ್ಬಿಸಬಾರದು ಅಂತ ಅವಳಿಗೆ ಅನಿಸಿತು. ಅಷ್ಟೇ. ರಾಜ್ಯ, ಕೋಟೆ, ಕೀರ್ತಿ ಯಾವುದೂ ಆ ಕ್ಷಣದಲ್ಲಿ ಅವಳ ತಲೆಯಲ್ಲಿ ಇದ್ದಿರಲಿಕ್ಕಿಲ್ಲ. ಮನೆಯೊಳಗೆ ಇದ್ದದ್ದು ಒನಕೆ, ಅದನ್ನೇ ತಂದಳು.

ಹಾಗಾದರೆ ಮುಖ್ಯ ಹಾಡು ಎಲ್ಲಿ? ನನ್ನ ಅಜ್ಜಿಯ ಮಾತು ಹೇಳುತ್ತೇನೆ. ದಾವಣಗೆರೆ ಅಂದರೆ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು, ನಮ್ಮ ಮನೆಯಲ್ಲಿ ನಾಟಕ ಬಿಟ್ಟರೆ ಬೇರೆ ಹುಚ್ಚಿರಲಿಲ್ಲ. ದುಗ್ಗಮ್ಮನ ಜಾತ್ರೆಯಲ್ಲಿ ಒಂದು ಸಲ ಕಿತ್ತೂರು ಚೆನ್ನಮ್ಮನ ನಾಟಕ ನೋಡಿದೆವು. ಚೆನ್ನಮ್ಮನ ಪಾರ್ಟಿನವರು ಕತ್ತಿ ಹಿಡಿದು ಇಷ್ಟುದ್ದ ಆಲಾಪ ಎಳೆದರು, ಜನ ಒನ್ಸ್ ಮೋರ್ ಅಂದರು, ಇನ್ನೊಂದು ಸಲ ಎಳೆದರು. ನಾನು ಅಜ್ಜಿಗೆ ಕೇಳಿದೆ, ಚೆನ್ನಮ್ಮ ನಿಜವಾಗ್ಲೂ ಹಿಂಗೇ ಹಾಡ್ತಿದ್ಲಾ ಅಂತ. ಅಜ್ಜಿ ಕಣ್ಣೊರೆಸಿಕೊಳ್ಳುತ್ತಲೇ ‘ಪಾಪ, ಅವಳಿಗೆ ಪುರುಸೊತ್ತೆಲ್ಲಿತ್ತು’ ಅಂದಳು. ಅದಕ್ಕೇ ಹೇಳುತ್ತೇನೆ, ಒನಕೆ ಏಳುವಾಗ ಹಾಡು ಬೇಡ. ಹಾರ್ಮೋನಿಯಂ ನಿಲ್ಲಲಿ. ತಬಲಾ ಕೂಡ ಬೇಡ. ಒನಕೆ ಬೀಳುವ ಸದ್ದು, ಎಳೆದು ಹಾಕುವ ಸದ್ದು, ಅವಳ ಉಸಿರು, ಇಷ್ಟೇ ಸಾಕು. ಹಾಡು ಮೊದಲೇ ಆಗಿರಲಿ, ಭತ್ತ ಕುಟ್ಟುವ ಹಾಡು, ಅದೇ ಒನಕೆ, ಅದೇ ಲಯ. ಕಿಂಡಿಯ ಹತ್ತಿರ ಬಂದಾಗ ಅದೇ ಲಯ ಮಾತಿಲ್ಲದೆ ಬರಲಿ. ಕುಟ್ಟುವ ಹಾಡನ್ನು ಆಗಲೇ ಕೇಳಿರುವ ಜನಕ್ಕೆ ಮೈ ನಡುಗುತ್ತದೆ.

ಅವಳ ಬಾಯಲ್ಲಿ ತಾನು ಯಾರು ಅನ್ನುವುದನ್ನು ಹೇಳಿಸಬೇಕಾದರೆ ನಮ್ಮ ದೊಡ್ಡಾಟದ ದಾರಿ ಇದೆಯಲ್ಲ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ‘ತಾವು ಧಾರು’ ಅಂತ ಕೇಳುತ್ತಾನೆ. ರಾಜರು ತಮ್ಮ ವಂಶ, ಬಿರುದು ಎಲ್ಲ ಹೇಳುತ್ತಾರೆ. ಓಬವ್ವನನ್ನು ಕೇಳಿದರೆ? ಕಾವಲುಗಾರನ ಹೆಂಡತಿ, ನೀರಿಗೆ ಹೊರಟಿದ್ದೆ, ದಾರಿ ಬಿಡು ಅನ್ನಲಿ.

ಈಗ ನನಗೆ ಬಹಳ ಮುಖ್ಯ ಅನಿಸಿದ್ದು. ಮುದ್ದಹನುಮನನ್ನು ಹಾಸ್ಯಕ್ಕೆ ಬಳಸಬೇಡ. ಅಲ್ಲಿ ಹೆಂಡತಿ ಹೋರಾಡುತ್ತಿದ್ದರೆ ಇಲ್ಲಿ ಗಂಡ ಮುದ್ದೆ ನುಂಗುತ್ತಿದ್ದ ಅಂತ ನಗಿಸುವುದು ಸುಲಭ. ನಾನು ಒಂದು ಪ್ರಯೋಗದಲ್ಲಿ ಹಾಗೆ ಮಾಡಿದ್ದು ನೋಡಿದ್ದೇನೆ, ಜನ ನಕ್ಕರು, ಆಮೇಲೆ ಓಬವ್ವನ ಸಾವಿಗೆ ಯಾರ ಕಣ್ಣೂ ಒದ್ದೆಯಾಗಲಿಲ್ಲ. ಮೇಲೆ ಟ್ರಾಪ್ ಕ್ಯಾಪ್ಟನ್ ಕಥೆ, ಸಯಾಮಿನ ರಾಜನ ಕಥೆ ಬರೆದಿದ್ದೇನಲ್ಲ, ನಾಯಕಿಯನ್ನು ಎತ್ತರಿಸೋಕೆ ಪಕ್ಕದವನನ್ನು ತಗ್ಗಿಸುವ ಚಾಳಿ ಎಲ್ಲ ಕಡೆ ಇದೆ. ಹಸಿದು ಬಂದ ಕಾವಲುಗಾರ ಅವನು. ಊಟ ಮುಗಿಸಿ ಬಂದವನಿಗೆ ಕಂಡದ್ದು ಹೆಣಗಳ ರಾಶಿ, ರಕ್ತದ ಒನಕೆ, ಕಣ್ಣು ಕೆಂಪಾದ ಹೆಂಡತಿ. ಅವನು ಕಹಳೆ ಊದಿದ, ಕೋಟೆ ಎಚ್ಚರವಾಯಿತು. ಆ ಕಹಳೆಯಲ್ಲಿ ಅವನಿಗೊಂದು ಜಾಗ ಕೊಡು.

ಕಿಂಡಿಯಿಂದ ಬರುವ ಸಿಪಾಯಿಗಳನ್ನೂ ಸ್ವಲ್ಪ ಯೋಚಿಸು. ಮೀಸೆ ತಿರುವುವ ರಾಕ್ಷಸರನ್ನಾಗಿ ಮಾಡಬೇಡ. ಯಾರೋ ಕಳಿಸಿದ್ದಕ್ಕೆ ಕತ್ತಲ ಕಲ್ಲಿನೊಳಗೆ ತಲೆ ಹಾಕಿದ ಬಡ ಹುಡುಗರು. ಮುಂದಿನವನಿಗೆ ಏನಾಯಿತು ಅಂತ ಹಿಂದಿನವನಿಗೆ ಗೊತ್ತಿಲ್ಲ. ಅವರಿಗೊಂದು ಸಣ್ಣ ಪದ ಇದ್ದರೆ, ಒಬ್ಬೊಬ್ಬರಾಗಿ ನುಸುಳುತ್ತಾ ಹೋದ ಹಾಗೆ ಒಂದೊಂದೇ ದನಿ ಕಮ್ಮಿಯಾಗುತ್ತಾ ಬಂದರೆ, ಅದೇ ನಿನ್ನ ನಾಟಕದ ಅತಿ ದೊಡ್ಡ ಹಾಡಾಗಬಹುದು.

ಅವಳ ಸಾವನ್ನು ಎರಡು ಥರ ಹೇಳುತ್ತಾರೆ. ನಡೆದದ್ದರ ಆಘಾತಕ್ಕೆ ಎದೆಯೊಡೆದು ಸತ್ತಳು ಅಂತ ಕೆಲವರು, ಶತ್ರುವೊಬ್ಬ ಹಿಂದಿನಿಂದ ಬಂದು ಕೊಂದ ಅಂತ ಕೆಲವರು. ನಾನಾದರೆ ಮೊದಲನೆಯದನ್ನು ಇಟ್ಟುಕೊಳ್ಳುತ್ತೇನೆ. ದಿನಾ ಭತ್ತ ಕುಟ್ಟಿದ ಕೈ ಅದು, ಕೊಂದ ಮೇಲೆ ಅದಕ್ಕೆ ತಡೆಯಲಾಗಲಿಲ್ಲ ಅನ್ನುವುದು ನನಗೆ ನಂಬಿಕೆ ಬರುವ ಮಾತು. ನಿನಗೆ ಎರಡನೆಯದು ಸರಿ ಅನಿಸಿದರೆ ಅದನ್ನೇ ಬರೆ, ಆದರೆ ಎರಡನ್ನೂ ಕಲಸಬೇಡ.

ನವೆಂಬರ್ 11 ಓಬವ್ವ ಜಯಂತಿ. ಆ ಹೊತ್ತಿಗೆ ಆಡುವ ಯೋಚನೆ ಇದ್ದರೆ ಈಗಲೇ ಹಾರ್ಮೋನಿಯಂ ಮಾಸ್ತರನ್ನು ಗೊತ್ತು ಮಾಡಿಕೊ, ಕೊನೇ ವಾರದಲ್ಲಿ ಯಾರೂ ಸಿಗುವುದಿಲ್ಲ. ಒನಕೆ ಥರ್ಮಾಕೋಲಿನದು ಬೇಡ, ನಿಜವಾದ ಮರದ್ದೇ ಇರಲಿ, ಅದರ ಭಾರ ಪಾತ್ರಧಾರಿಯ ಭುಜದಲ್ಲಿ ಕಾಣಬೇಕು. ತಾಲೀಮು ಶುರುವಾದ ದಿನ ಒಂದು ಕಾಗದ ಹಾಕು, ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಬಂದುಬಿಡುತ್ತೇನೆ.